ಡಿಮ್ಯಾಟ್ ಶುಲ್ಕ ಏರಿಸಿದರು, ಬಿಟ್ಟು ಹೋಗಲೂ ದುಡ್ಡು ಕೇಳುತ್ತಿದ್ದಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೂಡಿಕೆ ಆ್ಯಪ್‌ನಿಂದ ಒಂದು ಇಮೇಲ್ ಬರುತ್ತದೆ. ಮುಂದಿನ ತಿಂಗಳಿನಿಂದ ಡಿಮ್ಯಾಟ್ ಖಾತೆಯ, ಅಂದರೆ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಡುವ ಖಾತೆಯ, ವಾರ್ಷಿಕ ಶುಲ್ಕ ಜಾಸ್ತಿ ಎಂದು. ಬೇಡ, ಬೇರೆ ಕಡೆ ಹೋಗುತ್ತೇನೆ ಎಂದರೆ ಒಂದೊಂದು ಕಂಪನಿಯ ಷೇರಿಗೂ ಬೇರೆ ಬೇರೆ ವರ್ಗಾವಣೆ ಶುಲ್ಕ ಕೇಳುತ್ತಾರೆ. ಅದರ ಮೇಲೆ ಶೇ 18 ಜಿಎಸ್‌ಟಿ. ಇಪ್ಪತ್ತು ಮೂವತ್ತು ಕಂಪನಿಗಳ ಷೇರು ಇರುವವರಿಗೆ ಇದು ಸಣ್ಣ ಮೊತ್ತವಲ್ಲ. ಎಷ್ಟೋ ಜನ ಲೆಕ್ಕ ಹಾಕಿ, ಬೇಸತ್ತು, ಇದ್ದಲ್ಲೇ ಉಳಿದುಬಿಡುತ್ತಾರೆ.

ಹಾಗೆ ಉಳಿಯಬೇಕಾಗಿಲ್ಲ. ನಿಮ್ಮ ಷೇರುಗಳೆಲ್ಲ ನಿಮ್ಮದೇ ಇನ್ನೊಂದು ಖಾತೆಗೆ ಹೋಗುವುದಾದರೆ ಶುಲ್ಕ ಹಾಕುವಂತಿಲ್ಲ ಎಂಬ ನಿಯಮ ಭಾರತದಲ್ಲಿ 2006ರಿಂದಲೇ ಇದೆ. ಆದರೆ ಆ ನಿಯಮ ತಾನಾಗಿ ಬಂದು ನಿಮ್ಮ ಕೈ ಹಿಡಿಯುವುದಿಲ್ಲ. ಸರಿಯಾದ ರೀತಿಯಲ್ಲಿ, ಬರಹದಲ್ಲಿ ಕೇಳಬೇಕು.

ಶುಲ್ಕ ಏರಿಸಲು ಅವರಿಗೆ ಹಕ್ಕು ಇದೆಯಾ?

ಇದೆ. ಮಾಮೂಲಿ ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ ಇಷ್ಟೇ ಇರಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಗದಿ ಮಾಡಿಲ್ಲ. ಅದು ನಿಮ್ಮ ಮತ್ತು ಡಿಪಿ ನಡುವಿನ ಒಪ್ಪಂದ. ಡಿಪಿ ಎಂದರೆ ಡಿಪಾಸಿಟರಿ ಪಾರ್ಟಿಸಿಪೆಂಟ್, ನಿಮ್ಮ ಖಾತೆ ನಡೆಸುವ ಬ್ರೋಕರ್ ಅಥವಾ ಬ್ಯಾಂಕ್. ಷೇರುಗಳು ನಿಜವಾಗಿ ಇರುವುದು ಅವರ ಹತ್ತಿರವಲ್ಲ, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ. ಡಿಪಿ ಮಧ್ಯದಲ್ಲಿ ನಿಂತು ಸೇವೆ ಕೊಡುವವರು ಅಷ್ಟೇ. ಬೇರೆ ಡಿಪಿಗೆ ಹೋಗುವುದು ಇಷ್ಟು ಸುಲಭವಾಗಿರುವುದಕ್ಕೆ ಇದೇ ಕಾರಣ.

ಏರಿಸುವ ಹಕ್ಕಿಗೆ ಒಂದು ಷರತ್ತು ಇದೆ. ಖಾತೆ ತೆರೆಯುವಾಗ ನಿಮಗೆ ಕೊಡುವ ‘ಹಕ್ಕು ಮತ್ತು ಬಾಧ್ಯತೆಗಳು’ ಎಂಬ ದಾಖಲೆ ಎಲ್ಲಾ ಡಿಪಿಗಳಿಗೂ ಒಂದೇ. ಅದರ ಪ್ರಕಾರ, ಒಪ್ಪಿಕೊಂಡ ದರವನ್ನು ಏರಿಸಬೇಕಾದರೆ ಕನಿಷ್ಠ 30 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ಹೂಡಿಕೆದಾರರ ಚಾರ್ಟರ್‌ನಲ್ಲೂ ಇದೇ ಮಾತಿದೆ. ಈ 30 ದಿನ ಇರುವುದೇ ನೀವು ಯೋಚಿಸಿ ಹೊರಡಲಿ ಎಂದು. ಆ ದಿನಗಳನ್ನು ವ್ಯರ್ಥ ಮಾಡಬೇಡಿ.

ಈ ನಿಯಮ ಡಿಮ್ಯಾಟ್ ಶುಲ್ಕಗಳಿಗೆ. ಷೇರು ಕೊಂಡಾಗ, ಮಾರಿದಾಗ ಕತ್ತರಿಸುವ ಬ್ರೋಕರೇಜ್ ಬೇರೆ ಒಪ್ಪಂದದ ವಿಷಯ. ಎರಡನ್ನೂ ಒಂದೇ ದೂರಿನಲ್ಲಿ ಕಲಸಿದರೆ ಉತ್ತರ ಕೊಡುವವರು ತಮಗೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ನನಗೆ ನೋಟಿಸ್ ಬಂದೇ ಇಲ್ಲ. ಈಗ ಏನು ಮಾಡಲಿ?

ಮೊದಲು ಇಮೇಲ್‌ನ ಸ್ಪ್ಯಾಮ್ ಮತ್ತು ಪ್ರಮೋಷನ್ ಫೋಲ್ಡರ್ ಹುಡುಕಿ. ಖಾತೆಗೆ ಕೊಟ್ಟಿರುವ ಇಮೇಲ್ ಐಡಿ ಈಗಲೂ ಬಳಕೆಯಲ್ಲಿದೆಯಾ ನೋಡಿ. ಹತ್ತು ವರ್ಷದ ಹಿಂದೆ ಕೊಟ್ಟ ಆಫೀಸ್ ಇಮೇಲ್‌ಗೆ ನೋಟಿಸ್ ಹೋಗಿದ್ದರೆ ಅವರ ಕಡೆಯಿಂದ ಕೆಲಸ ಮುಗಿದಂತೆ.

ಅಲ್ಲೂ ಇಲ್ಲದಿದ್ದರೆ ನೇರವಾಗಿ ಕೇಳಿ: ಯಾವ ದಿನ, ಯಾವ ವಿಳಾಸಕ್ಕೆ ನೋಟಿಸ್ ಕಳುಹಿಸಿದ್ದೀರಿ, ಅದರ ಪ್ರತಿ ಕೊಡಿ. ಆ್ಯಪ್ ತೆರೆದಾಗ ಬಂದ ಒಂದು ಪಾಪ್-ಅಪ್ ತೋರಿಸಿ ಅದನ್ನೇ ನೋಟಿಸ್ ಎಂದರೆ ಒಪ್ಪಬೇಡಿ. ನಿಮಗೆ ಕೊಟ್ಟ ಲಿಖಿತ ನೋಟಿಸ್ ಬೇಕು ಎಂದು ಬರೆಯಿರಿ. 30 ದಿನ ತುಂಬುವ ಮೊದಲೇ ಹೊಸ ದರ ಕತ್ತರಿಸಿದ್ದರೆ ವ್ಯತ್ಯಾಸದ ಹಣ ಮತ್ತು ಅದರ ಮೇಲಿನ ಜಿಎಸ್‌ಟಿ ಎರಡನ್ನೂ ವಾಪಸ್ ಕೇಳಿ. ಇದು ಗೆಲ್ಲುವ ವಾದ. ಇದಕ್ಕೆ ತಾರೀಖುಗಳು ಸಾಕು, ಬೇರೆ ವಾದ ಬೇಕಾಗಿಲ್ಲ.

ಬಿಟ್ಟು ಹೋಗುವವರಿಂದ ವರ್ಗಾವಣೆ ಶುಲ್ಕ ತೆಗೆದುಕೊಳ್ಳಬಹುದಾ?

ಇಡೀ ಪುಟದಲ್ಲಿ ಮುಖ್ಯವಾದ ಉತ್ತರ ಇದು.

ಸೆಬಿ 2005ರ ನವೆಂಬರ್ 9ರಂದು ಒಂದು ಸುತ್ತೋಲೆ ಹೊರಡಿಸಿತು. 2006ರ ಜನವರಿ 9ರಿಂದ ಅದು ಜಾರಿಗೆ ಬಂತು. ಹೂಡಿಕೆದಾರರು ತಮ್ಮ ಖಾತೆಯಲ್ಲಿರುವ ಎಲ್ಲಾ ಷೇರುಗಳನ್ನು ಬೇರೆ ಡಿಪಿಯಲ್ಲಿರುವ ತಮ್ಮದೇ ಖಾತೆಗೆ ವರ್ಗಾಯಿಸಿದರೆ, ಡಿಪಾಸಿಟರಿ ಡಿಪಿಯಿಂದ ಶುಲ್ಕ ತೆಗೆದುಕೊಳ್ಳಬಾರದು, ಡಿಪಿ ಹೂಡಿಕೆದಾರರಿಂದ ತೆಗೆದುಕೊಳ್ಳಬಾರದು. ಅದೇ ಡಿಪಿಯ ಇನ್ನೊಂದು ಶಾಖೆಗೆ ಹೋದರೂ ಸರಿ, ಬೇರೆ ಡಿಪಿಗೆ ಹೋದರೂ ಸರಿ, ಎನ್‌ಎಸ್‌ಡಿಎಲ್‌ನಿಂದ ಸಿಡಿಎಸ್‌ಎಲ್‌ಗೆ ಹೋದರೂ ಸರಿ. ಈಗ ಇದು ಡಿಪಾಸಿಟರಿಗಳಿಗಾಗಿ ಸೆಬಿ ಹೊರಡಿಸುವ ಮಾಸ್ಟರ್ ಸುತ್ತೋಲೆಯಲ್ಲಿ ಸೇರಿಕೊಂಡಿದೆ.

ಷರತ್ತು ಎರಡೇ. ಒಂದು, ಎಲ್ಲಾ ಷೇರುಗಳೂ ಹೋಗಬೇಕು. ಎರಡು, ಎರಡೂ ಖಾತೆಗಳು ಎಲ್ಲಾ ರೀತಿಯಲ್ಲೂ ಒಂದೇ ಆಗಿರಬೇಕು.

ಡಿಪಿಯ ದರಪಟ್ಟಿಯಲ್ಲಿ ‘ಆಫ್-ಮಾರ್ಕೆಟ್ ವರ್ಗಾವಣೆಗೆ ಇಷ್ಟು’, ಅಂದರೆ ಷೇರುಪೇಟೆಯಲ್ಲಿ ಮಾರದೆ ನೇರವಾಗಿ ಖಾತೆಯಿಂದ ಖಾತೆಗೆ ಕಳುಹಿಸಲು ಇಷ್ಟು, ಎಂದು ಬರೆದಿರುತ್ತಾರೆ. ಅದು ತಪ್ಪಲ್ಲ. ಹತ್ತು ಷೇರು ಬೇರೆಯವರ ಖಾತೆಗೆ ಕಳುಹಿಸಿದರೆ ಅದು ಅನ್ವಯಿಸುತ್ತದೆ. ಖಾತೆ ಖಾಲಿ ಮಾಡಿ ನಿಮ್ಮದೇ ಖಾತೆಗೆ ಹೋಗುವಾಗ ಅದೇ ದರ ಹಾಕುವುದು ತಪ್ಪು. ಕಸ್ಟಮರ್ ಕೇರ್‌ನವರು ದರಪಟ್ಟಿಯ ಆ ಸಾಲನ್ನು ಓದಿ ಹೇಳುತ್ತಾರೆ. ಎಷ್ಟೋ ಸಲ ಈ ಸುತ್ತೋಲೆ ಇದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ದೂರನ್ನು ಮೇಲಿನವರಿಗೆ ಕಳುಹಿಸಿ ಎಂದು ಕೇಳಿ.

ಎರಡೂ ಖಾತೆ ‘ಒಂದೇ’ ಎಂದರೆ ಎಷ್ಟು ಒಂದೇ?

ಹೆಸರು, ಪ್ಯಾನ್, ಖಾತೆದಾರರ ಸಂಖ್ಯೆ, ಅವರ ಕ್ರಮ ಎಲ್ಲವೂ. ಹಳೆಯ ಖಾತೆ ಗಂಡ ಹೆಂಡತಿಯ ಜಾಯಿಂಟ್ ಖಾತೆಯಾಗಿದ್ದು ಗಂಡನ ಹೆಸರು ಮೊದಲಿದ್ದರೆ, ಹೊಸದರಲ್ಲೂ ಹಾಗೇ ಇರಬೇಕು. ಹೆಂಡತಿಯ ಹೆಸರು ಮೊದಲಾದರೆ ಅದು ಬೇರೆ ಖಾತೆ, ವಿನಾಯಿತಿ ಇಲ್ಲ. ಜಾಯಿಂಟ್ ಖಾತೆಯಿಂದ ಒಬ್ಬರದೇ ಖಾತೆಗೆ ಹೋದರೂ ಇಲ್ಲ. ಅಪ್ಪನ ಖಾತೆಯಿಂದ ಮಗಳ ಖಾತೆಗೆ ಕಳುಹಿಸಿದರೆ ಅದು ಉಡುಗೊರೆಯಾಗುತ್ತದೆ, ಅದಕ್ಕೆ ಮಾಮೂಲಿ ಶುಲ್ಕ ಉಂಟು.

ಹೆಸರಿನ ಸ್ಪೆಲಿಂಗ್ ನೋಡಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅಪ್ಪನ ಪೂರ್ತಿ ಹೆಸರಾಗಿ ಬರುತ್ತದೆ. ಹೊಸ ಖಾತೆ ತೆರೆಯುವಾಗಲೇ ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಹೆಸರು ಬಂದಿದೆಯಾ ಪರೀಕ್ಷಿಸಿ. ಅರ್ಜಿ ತಿರಸ್ಕಾರವಾದ ಮೇಲೆ ಸರಿಪಡಿಸಲು ಹೋದರೆ ವಾರಗಟ್ಟಲೆ ಅಲೆಯಬೇಕು.

ಯಾವ ಕ್ರಮದಲ್ಲಿ ಮಾಡಬೇಕು?

ಮೊದಲು ಹೊಸ ಖಾತೆ ತೆರೆಯಿರಿ. ಖಾತೆ ತೆರೆಯಲು ಡಿಪಿ ಶುಲ್ಕ ಕೇಳುವಂತಿಲ್ಲ, ಇದು 2005ರಿಂದಲೇ ಇರುವ ನಿಯಮ. ಹೊಸ ಡಿಪಿಯಿಂದ ಸಿಎಂಆರ್ ತೆಗೆದುಕೊಳ್ಳಿ. ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಎಂಬ ಈ ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಪ್ಯಾನ್, ಖಾತೆ ಸಂಖ್ಯೆ, ಬ್ಯಾಂಕ್ ವಿವರ ಎಲ್ಲಾ ಇರುತ್ತದೆ. ಎರಡು ಖಾತೆಗಳೂ ಒಂದೇ ಎಂದು ಸಾಬೀತು ಮಾಡುವುದು ಇದೇ. ಡಿಪಿಯ ಸಹಿ ಮತ್ತು ಸೀಲು ಇರುವ ಪ್ರತಿಯನ್ನೇ ಕೇಳಿ.

ಖಾತೆ ಸಂಖ್ಯೆ 16 ಅಂಕಿಗಳಾಗಿದ್ದರೆ ಸಿಡಿಎಸ್‌ಎಲ್. ‘ಐಎನ್’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗಿ ನಂತರ 14 ಅಂಕಿಗಳಿದ್ದರೆ ಎನ್‌ಎಸ್‌ಡಿಎಲ್. ಫಾರಂ ತುಂಬುವಾಗ ಇದು ಬೇಕಾಗುತ್ತದೆ.

ಹಳೆಯ ಖಾತೆಯಲ್ಲಿ ಬಾಕಿ ಕೆಲಸ ಮುಗಿಸಿ. ಅಡ ಇಟ್ಟ ಷೇರುಗಳಿದ್ದರೆ ಬಿಡಿಸಿಕೊಳ್ಳಿ, ಅಡ ಇರುವ ತನಕ ಅವು ಜಾಗ ಬಿಟ್ಟು ಕದಲುವುದಿಲ್ಲ. ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ತೆರೆದಿದ್ದರೆ ಮುಚ್ಚಿ. ನೆನ್ನೆ ಮೊನ್ನೆ ಕೊಂಡ ಷೇರು ಖಾತೆಗೆ ಬಂದು ಕೂರಲಿ. ಟ್ರೇಡಿಂಗ್ ಖಾತೆಯಲ್ಲಿ ಉಳಿದ ಹಣವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಿ.

ಇನ್ನು ಅರ್ಜಿ. ಇಲ್ಲಿಯೇ ಜಾಸ್ತಿ ಜನ ಎಡವುವುದು. ಡಿಪಿಯ ಖಾತೆ ಮುಚ್ಚುವ ಫಾರಂನಲ್ಲಿ, ಉಳಿದ ಷೇರುಗಳನ್ನು ಇನ್ನೊಂದು ಖಾತೆಗೆ ವರ್ಗಾಯಿಸಿ ಎಂಬ ಆಯ್ಕೆ ಇರುತ್ತದೆ. ಅದನ್ನೇ ತುಂಬಿ ಸಿಎಂಆರ್ ಲಗತ್ತಿಸಿ. ಅದನ್ನು ಬಿಟ್ಟು, ಡಿಪಾಸಿಟರಿಯ ಆನ್‌ಲೈನ್ ಸೌಲಭ್ಯದಲ್ಲಿ ಅಥವಾ ಡಿಐಎಸ್ ಸ್ಲಿಪ್ (ಷೇರು ಕಳುಹಿಸಲು ಡಿಪಿಗೆ ಸೂಚನೆ ಕೊಡುವ ಚೀಟಿ) ಬರೆದು ನೀವೇ ಒಂದೊಂದಾಗಿ ಷೇರು ಕಳುಹಿಸಿದರೆ ಡಿಪಿಯ ಸಿಸ್ಟಂ ಅದನ್ನು ಮಾಮೂಲಿ ವರ್ಗಾವಣೆ ಎಂದು ನೋಡುತ್ತದೆ. ಪ್ರತಿ ಕಂಪನಿಗೂ ಶುಲ್ಕ ಕತ್ತರಿಸುತ್ತದೆ. ಆಮೇಲೆ ವಾಪಸ್ ಕೇಳಬಹುದು, ಆದರೆ ಸುಮ್ನೆ ಯಾಕೆ ಆ ತಲೆನೋವು? ಮುಚ್ಚುವ ಮತ್ತು ವರ್ಗಾಯಿಸುವ ಅರ್ಜಿ ಒಟ್ಟಿಗೇ ಹೋಗಲಿ.

ಅರ್ಜಿಯ ಜೊತೆ ಏನು ಬರೆಯಲಿ?

ಚಿಕ್ಕದಾಗಿ ಬರೆಯಿರಿ. ನಿಮ್ಮ ಕಷ್ಟದ ಕಥೆ ಬೇಡ. ಇಷ್ಟು ಸಾಕು:

“ನನ್ನ ಡಿಮ್ಯಾಟ್ ಖಾತೆಯಲ್ಲಿರುವ ಎಲ್ಲಾ ಷೇರುಗಳನ್ನು ಇದೇ ಹೆಸರು, ಇದೇ ಪ್ಯಾನ್ ಇರುವ ನನ್ನ ಇನ್ನೊಂದು ಖಾತೆಗೆ ವರ್ಗಾಯಿಸಿ, ಈ ಖಾತೆಯನ್ನು ಮುಚ್ಚಬೇಕೆಂದು ಕೋರುತ್ತೇನೆ. ಎರಡೂ ಖಾತೆಗಳ ಸಂಖ್ಯೆ ಮತ್ತು ಹೊಸ ಖಾತೆಯ ಸಿಎಂಆರ್ ಲಗತ್ತಿಸಿದ್ದೇನೆ. ಸೆಬಿಯ 9 ನವೆಂಬರ್ 2005ರ ಸುತ್ತೋಲೆಯ ಪ್ರಕಾರ ಇಂತಹ ವರ್ಗಾವಣೆಗೆ ಶುಲ್ಕ ವಿಧಿಸುವಂತಿಲ್ಲ. ಶುಲ್ಕ ವಿಧಿಸುವುದಾದರೆ ಯಾವ ನಿಯಮದ ಪ್ರಕಾರ ಎಂದು ಲಿಖಿತವಾಗಿ ತಿಳಿಸಿ. ಮುಂಗಡವಾಗಿ ಪಡೆದ ವಾರ್ಷಿಕ ಶುಲ್ಕದಲ್ಲಿ ಉಳಿದ ತ್ರೈಮಾಸಿಕಗಳ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಮರಳಿಸಿ.”

ಕೊನೆಯಿಂದ ಎರಡನೆಯ ವಾಕ್ಯ ಬಿಡಬೇಡಿ. ‘ನಮ್ಮ ಪಾಲಿಸಿ’ ಎಂದು ಫೋನಿನಲ್ಲಿ ಹೇಳುವುದು ಸುಲಭ. ನಿಯಮದ ಹೆಸರು ಬರೆದು ಕೊಡಿ ಎಂದಾಗ ಅನೇಕ ಸಲ ಶುಲ್ಕವೇ ಮಾಯವಾಗುತ್ತದೆ. ಇಮೇಲ್‌ನಲ್ಲಿ ಕಳುಹಿಸಿ, ಟಿಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಶಾಖೆಯಲ್ಲಿ ಕಾಗದ ಕೊಟ್ಟರೆ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಫೋನಿನಲ್ಲಿ ಮಾತಾಡಿದ್ದರೆ, ಮಾತಾಡಿದ್ದನ್ನು ಅಂದೇ ಒಂದು ಇಮೇಲ್‌ನಲ್ಲಿ ಬರೆದು ಕಳುಹಿಸಿ.

ಈ ವರ್ಷದ ಶುಲ್ಕ ಆಗಲೇ ಕಟ್ಟಿದ್ದೇನೆ. ಅದು ಹೋದಂತೆಯೇ?

ಇಲ್ಲ. ವಾರ್ಷಿಕ ಅಥವಾ ಅರ್ಧವಾರ್ಷಿಕ ಶುಲ್ಕ ಮುಂಗಡವಾಗಿ ತೆಗೆದುಕೊಂಡಿದ್ದರೆ, ಖಾತೆ ಮುಚ್ಚಿದಾಗ ಅಥವಾ ಬೇರೆ ಡಿಪಿಗೆ ಹೋದಾಗ ಉಳಿದ ತ್ರೈಮಾಸಿಕಗಳ ಹಣ ವಾಪಸ್ ಕೊಡಬೇಕು ಎಂದು ಸೆಬಿ ಹೇಳಿದೆ. ಎರಡನೆಯ ತ್ರೈಮಾಸಿಕದ ಮಧ್ಯದಲ್ಲಿ ಮುಚ್ಚಿದರೆ ಉಳಿದ ಎರಡು ತ್ರೈಮಾಸಿಕಗಳ ಹಣ ನಿಮ್ಮದು. ಅಂದರೆ ವರ್ಷಕ್ಕೆ 600 ರೂಪಾಯಿ ಕಟ್ಟಿದ್ದರೆ 300 ರೂಪಾಯಿ. ಈ ಹಣವನ್ನು ಕೇಳದೆ ಬಿಡುವವರೇ ಜಾಸ್ತಿ. ದೊಡ್ಡ ಮೊತ್ತವಲ್ಲ ನಿಜ, ಆದರೆ ನಿಮ್ಮದು.

ತ್ರೈಮಾಸಿಕದ ಮಧ್ಯೆ ಹೊರಟರೆ ಆ ತ್ರೈಮಾಸಿಕ ಪೂರ್ತಿ ಬಳಸಿದ ಲೆಕ್ಕ. ಆದ್ದರಿಂದ ಹೊಸ ತ್ರೈಮಾಸಿಕ ಶುರುವಾಗುವ ಮೊದಲೇ ಅರ್ಜಿ ಹಾಕುವುದು ಲಾಭ.

ಬಾಕಿ ಇದೆ, ಕಟ್ಟದೆ ಖಾತೆ ಮುಚ್ಚುವುದಿಲ್ಲ ಎನ್ನುತ್ತಿದ್ದಾರೆ. ಆ ಬಾಕಿಯೇ ತಪ್ಪು!

ಇಲ್ಲಿ ಹಟ ಮಾಡಿದರೆ ನಿಮಗೇ ನಷ್ಟ. ‘ಹಕ್ಕು ಮತ್ತು ಬಾಧ್ಯತೆಗಳು’ ದಾಖಲೆಯಲ್ಲೇ ಡಿಪಿಗೆ ಒಂದು ಅಧಿಕಾರ ಕೊಟ್ಟಿದ್ದಾರೆ: ಹೂಡಿಕೆದಾರರು ಶುಲ್ಕ ಕಟ್ಟದಿದ್ದರೆ ಎರಡು ದಿನದ ನೋಟಿಸ್ ಕೊಟ್ಟು, ಕಟ್ಟುವ ತನಕ ಅವರ ಸೂಚನೆಗಳನ್ನು ನಿಲ್ಲಿಸಬಹುದು. ಬಾಕಿಗೆ ಬಡ್ಡಿಯೂ ಸೇರಬಹುದು. ನೀವು ಹಟ ಹಿಡಿದ ದಿನಗಳಲ್ಲಿ ಷೇರು ಮಾರಬೇಕಾಗಿ ಬಂದರೆ ಕೈ ಕಟ್ಟಿದಂತಾಗುತ್ತದೆ.

ಮೊತ್ತ ಚಿಕ್ಕದಾಗಿದ್ದರೆ ಕಟ್ಟಿಬಿಡಿ, ಆದರೆ ಮೌನವಾಗಿ ಕಟ್ಟಬೇಡಿ. “ಈ ಮೊತ್ತವನ್ನು ನಾನು ಒಪ್ಪುವುದಿಲ್ಲ. ವರ್ಗಾವಣೆ ತಡವಾಗಬಾರದೆಂದು ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇನೆ, ವಾಪಸ್ ಪಡೆಯುವ ಹಕ್ಕು ಬಿಟ್ಟುಕೊಟ್ಟಿಲ್ಲ” ಎಂದು ಅದೇ ದಿನ ಬರೆದು ಕಳುಹಿಸಿ. ಷೇರು ಹೊಸ ಖಾತೆಗೆ ಬಂದ ಮೇಲೆ ನಿಧಾನವಾಗಿ ದೂರು ನಡೆಸಬಹುದು. ಆಗ ಅವರ ಕೈಯಲ್ಲಿ ನಿಮ್ಮದು ಏನೂ ಇರುವುದಿಲ್ಲ.

ಯಾವುದಕ್ಕೂ ಮೊದಲು ಲೆಡ್ಜರ್, ಅಂದರೆ ನಿಮ್ಮ ಖಾತೆಯ ಜಮಾ ಖರ್ಚಿನ ಪಟ್ಟಿ, ಡೌನ್‌ಲೋಡ್ ಮಾಡಿ. ಬಾಕಿ ಎಂದು ತೋರಿಸುವ ಮೊತ್ತ ಯಾವ ಯಾವ ತಾರೀಖಿನದು, ಹಳೆಯ ದರವೋ ಹೊಸ ದರವೋ ಎಂದು ಸಾಲು ಸಾಲಾಗಿ ನೋಡಿ. 30 ದಿನದ ನೋಟಿಸ್ ಅವಧಿಯೊಳಗೇ ಹೊಸ ದರ ಸೇರಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವರ್ಗಾವಣೆಗೆ ಬೇಡ, ‘ಖಾತೆ ಮುಚ್ಚುವ ಶುಲ್ಕ’ ಕೊಡಿ ಎಂದರೆ?

ಖಾತೆ ತೆರೆದಾಗ ನೀವು ಒಪ್ಪಿದ ದರಪಟ್ಟಿಯಲ್ಲಿ ಆ ಹೆಸರಿನ ಸಾಲು ಇತ್ತಾ ನೋಡಿ. ಇರಲಿಲ್ಲವಾದರೆ, ಯಾವಾಗ ಸೇರಿಸಿದರು, 30 ದಿನದ ನೋಟಿಸ್ ಎಲ್ಲಿ ಎಂದು ಕೇಳಿ. ವರ್ಗಾವಣೆ ಶುಲ್ಕವನ್ನೇ ಹೆಸರು ಬದಲಿಸಿ ಹಾಕಿದ್ದರೆ ಅದನ್ನೂ ಬರೆದು ತೋರಿಸಿ. ಕಂಪನಿಗಳ ಸಂಖ್ಯೆಯಿಂದ ಗುಣಿಸಿ ಬಂದ ಮೊತ್ತವಾಗಿದ್ದರೆ ಅದು ಮುಚ್ಚುವ ಶುಲ್ಕವಲ್ಲ. ಒಂದು ಖಾತೆ ಒಂದೇ ಸಲ ಮುಚ್ಚುತ್ತದೆ ಅಲ್ವಾ?

ಎಲ್ಲಾ ಮಾರಿ, ದುಡ್ಡು ತೆಗೆದುಕೊಂಡು, ಹೊಸ ಕಡೆ ಮತ್ತೆ ಕೊಂಡರೆ ಸುಲಭವಲ್ಲವೇ?

ಕೇಳಲು ಸುಲಭ. ಆದರೆ ಮಾರಿದ ಕ್ಷಣ ತೆರಿಗೆ ಶುರುವಾಗುತ್ತದೆ. 2024ರ ಜುಲೈ 23ರಿಂದ, ಲಿಸ್ಟ್ ಆದ ಷೇರುಗಳನ್ನು ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20, ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಶೇ 12.5. ಕೆಲವು ನೂರು ರೂಪಾಯಿ ಶುಲ್ಕ ತಪ್ಪಿಸಲು ಹೋಗಿ ಸಾವಿರಾರು ರೂಪಾಯಿ ತೆರಿಗೆ ಕಟ್ಟುವುದು ಬೇಡ.

ನಿಮ್ಮದೇ ಖಾತೆಗೆ ವರ್ಗಾಯಿಸುವುದು ಮಾರಾಟವಲ್ಲ. ತೆರಿಗೆ ಇಲ್ಲ. ಹಣದ ವ್ಯವಹಾರವೇ ಇಲ್ಲದ್ದರಿಂದ ಸ್ಟ್ಯಾಂಪ್ ಡ್ಯೂಟಿಯೂ ಇಲ್ಲ. ಕೊಂಡ ತಾರೀಖು, ಕೊಂಡ ಬೆಲೆ ಎರಡೂ ಹಳೆಯದೇ ಉಳಿಯುತ್ತವೆ. ಆದರೆ ಹೊಸ ಆ್ಯಪ್‌ಗೆ ಅದು ಗೊತ್ತಿರುವುದಿಲ್ಲ. ಕೊಂಡ ಬೆಲೆಯ ಜಾಗ ಖಾಲಿ ಅಥವಾ ತಪ್ಪಾಗಿ ಕಾಣಬಹುದು. ಹಳೆಯ ಖಾತೆ ಮುಚ್ಚುವ ಮೊದಲೇ ಎಲ್ಲಾ ವರ್ಷಗಳ ಕಾಂಟ್ರ್ಯಾಕ್ಟ್ ನೋಟ್ (ಕೊಂಡ, ಮಾರಿದ ವ್ಯವಹಾರಕ್ಕೆ ಬ್ರೋಕರ್ ಕೊಡುವ ರಸೀದಿ), ಲಾಭ ನಷ್ಟದ ವರದಿ, ಹೋಲ್ಡಿಂಗ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಮುಚ್ಚಿದ ಮೇಲೆ ಲಾಗಿನ್ ಆಗುವುದಿಲ್ಲ, ಆಗ ಬೇಡಿ ಬೇಡಿ ಪಡೆಯಬೇಕು.

ನನ್ನ ಹತ್ತಿರ ಇರುವುದು ಮ್ಯೂಚುವಲ್ ಫಂಡ್ ಮಾತ್ರ. ಆ್ಯಪ್ ಶುಲ್ಕ ಶುರು ಮಾಡಿದೆ.

ಮೊದಲು ನಿಮ್ಮ ಯೂನಿಟ್‌ಗಳು ಎಲ್ಲಿವೆ ನೋಡಿ. ಫೋಲಿಯೋ ರೂಪದಲ್ಲಿದ್ದರೆ ಅವು ಆ್ಯಪ್‌ನ ಹತ್ತಿರ ಇಲ್ಲವೇ ಇಲ್ಲ. ಫಂಡ್ ಕಂಪನಿಯ ದಾಖಲೆಯಲ್ಲಿ, ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಎಂಬ ರಿಜಿಸ್ಟ್ರಾರ್ ಹತ್ತಿರ ಇವೆ. ವರ್ಗಾಯಿಸಲು ಏನೂ ಇಲ್ಲ. ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ಅಥವಾ ಎಲ್ಲಾ ಫಂಡ್‌ಗಳನ್ನೂ ಒಂದೇ ಕಡೆ ನಡೆಸಲು ಇರುವ ಎಂಎಫ್ ಸೆಂಟ್ರಲ್‌ನಲ್ಲಿ ಲಾಗಿನ್ ಆಗಿ ಅಲ್ಲಿಂದಲೇ ನಡೆಸಿ. ಆ್ಯಪ್ ಮೂಲಕ ನಡೆಯುತ್ತಿರುವ ಎಸ್‌ಐಪಿ ಮತ್ತು ಬ್ಯಾಂಕ್ ಮ್ಯಾಂಡೇಟ್ ರದ್ದು ಮಾಡಿ, ಹೊಸದಾಗಿ ಹಾಕಿ. ಇಲ್ಲಿ ‘ಬಿಡುವ ಶುಲ್ಕ’ ಎಂದು ಆ್ಯಪ್ ಕೇಳಿದರೆ ಯಾವ ಸೇವೆಗೆ ಎಂದು ಕೇಳಲೇಬೇಕು.

ಯೂನಿಟ್‌ಗಳು ಡಿಮ್ಯಾಟ್ ರೂಪದಲ್ಲಿದ್ದರೆ ಷೇರುಗಳಂತೆಯೇ, ಮೇಲೆ ಹೇಳಿದ್ದೆಲ್ಲ ಅನ್ವಯ.

ಫಂಡ್ ತನ್ನ ಖರ್ಚಿನ ಅನುಪಾತ ಏರಿಸಿದರೆ ಎಕ್ಸಿಟ್ ಲೋಡ್ ಇಲ್ಲದೆ ಹೊರಬರಬಹುದಾ?

ಖರ್ಚಿನ ಅನುಪಾತ ಎಂದರೆ ಫಂಡ್ ನಡೆಸುವ ಖರ್ಚಿಗೆಂದು ನಿಮ್ಮ ಹಣದಿಂದ ಕತ್ತರಿಸುವ ಪಾಲು, ಎಕ್ಸಿಟ್ ಲೋಡ್ ಎಂದರೆ ಬೇಗ ಹೊರಬಂದರೆ ಕತ್ತರಿಸುವ ಶುಲ್ಕ. ಬರೀ ಖರ್ಚಿನ ಅನುಪಾತ ಏರಿದರೆ ಆ ಸೌಲಭ್ಯ ಇಲ್ಲ. ಸೆಬಿಯ ಮಿತಿಯೊಳಗೆ ಏರಿಸಬಹುದು, ಹೂಡಿಕೆದಾರರಿಗೆ ಮೊದಲೇ ತಿಳಿಸಬೇಕು ಅಷ್ಟೇ. ಇದು ಅನ್ಯಾಯ ಎಂದೇ ನನಗನ್ನಿಸುತ್ತದೆ, ಆದರೆ ನಿಯಮ ಹಾಗಿದೆ.

ಫಂಡ್‌ನ ಮೂಲ ಸ್ವರೂಪವೇ ಬದಲಾದರೆ, ಅಂದರೆ ಹೂಡಿಕೆಯ ಉದ್ದೇಶ, ಬಗೆ ಬದಲಾದರೆ, ಕಥೆ ಬೇರೆ. ಆಗ ಕನಿಷ್ಠ 30 ದಿನ ಎಕ್ಸಿಟ್ ಲೋಡ್ ಇಲ್ಲದೆ ಹೊರಬರಲು ಅವಕಾಶ ಕೊಡಲೇಬೇಕು. ಎಕ್ಸಿಟ್ ಲೋಡ್ ಏರಿಸಿದರೂ ಅದು ಮುಂದಿನ ಹೂಡಿಕೆಗಳಿಗೆ ಮಾತ್ರ, ನೀವು ಆಗಲೇ ಹಾಕಿದ ಹಣಕ್ಕೆ ಹಿಂದಿನ ದರವೇ. ಮಧ್ಯವರ್ತಿಯ ಕಮಿಷನ್ ಸೇರಿದ ರೆಗ್ಯುಲರ್ ಪ್ಲಾನ್‌ನಿಂದ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗೆ ಬದಲಾಯಿಸುವುದು ಮಾರಿ ಕೊಂಡಂತೆಯೇ ಲೆಕ್ಕ. ಎಕ್ಸಿಟ್ ಲೋಡ್, ತೆರಿಗೆ ಎರಡೂ ನೋಡಿಕೊಂಡು ಮಾಡಿ.

ಪಿಎಂಎಸ್ ಅಥವಾ ಸಲಹೆಗಾರರನ್ನು ಬಿಡುವಾಗ?

ಪೋರ್ಟ್‌ಫೋಲಿಯೋ ಮ್ಯಾನೇಜ್‌ಮೆಂಟ್ ಸೇವೆಯಲ್ಲಿ ಎಕ್ಸಿಟ್ ಲೋಡ್‌ಗೆ ಮಿತಿ ಇದೆ: ಮೊದಲ ವರ್ಷ ಗರಿಷ್ಠ ಶೇ 3, ಎರಡನೆಯ ವರ್ಷ ಶೇ 2, ಮೂರನೆಯ ವರ್ಷ ಶೇ 1. ಮೂರು ವರ್ಷ ಕಳೆದ ಮೇಲೆ ಏನೂ ಇಲ್ಲ. ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರನ್ನು ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣ ವಾಪಸ್ ಕೊಡಬೇಕು. ಹೆಚ್ಚೆಂದರೆ ಒಂದು ತ್ರೈಮಾಸಿಕದ ಶುಲ್ಕ ಇಟ್ಟುಕೊಳ್ಳಬಹುದು.

ಡಿಪಿ ಒಪ್ಪುತ್ತಿಲ್ಲ. ಎಲ್ಲಿಗೆ ದೂರು ಕೊಡಲಿ?

ಮೊದಲು ಡಿಪಿಯ ಕುಂದುಕೊರತೆ ವಿಭಾಗಕ್ಕೆ. ಅದರ ಇಮೇಲ್ ವಿಳಾಸ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಕಸ್ಟಮರ್ ಕೇರ್ ಟಿಕೆಟ್ ಬೇರೆ, ಇದು ಬೇರೆ. ಅಲ್ಲಿ ಉತ್ತರ ಬರದಿದ್ದರೆ ಅಥವಾ ತಿರಸ್ಕರಿಸಿದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ಗೆ ಹೋಗಿ. ಸಮಸ್ಯೆ ಆದ ಒಂದು ವರ್ಷದೊಳಗೆ ದೂರು ಹಾಕಬೇಕು. ಶುಲ್ಕ ಇಲ್ಲ, ವಕೀಲರು ಬೇಕಾಗಿಲ್ಲ.

ಸ್ಕೋರ್ಸ್‌ನ ಹೊಸ ರೂಪ 2024ರ ಏಪ್ರಿಲ್ 1ರಿಂದ ಬಂದಿದೆ. ದೂರು ನೇರವಾಗಿ ಆ ಸಂಸ್ಥೆಗೆ ಹೋಗುತ್ತದೆ, 21 ದಿನಗಳೊಳಗೆ ಉತ್ತರ ಕೊಡಬೇಕು. ಉತ್ತರ ತೃಪ್ತಿ ಕೊಡದಿದ್ದರೆ 15 ದಿನಗಳೊಳಗೆ ಮೊದಲ ಪರಿಶೀಲನೆ ಕೇಳಬಹುದು. ಅದನ್ನು ಡಿಪಾಸಿಟರಿಯಂತಹ ಮೇಲ್ವಿಚಾರಣಾ ಸಂಸ್ಥೆ ನೋಡುತ್ತದೆ. ಅದೂ ಸರಿಯಿಲ್ಲವೆಂದರೆ ಎರಡನೆಯ ಪರಿಶೀಲನೆ ಸೆಬಿಯದೇ. ಈ 15 ದಿನಗಳ ಗಡುವು ತಪ್ಪಿದರೆ ದೂರು ಮುಗಿದಂತೆ ಆಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಫಾರಂ ತುಂಬಲು ಸಹಾಯ ಬೇಕಿದ್ದರೆ ಸೆಬಿಯ ಉಚಿತ ಸಹಾಯವಾಣಿ 1800 266 7575.

ಸ್ಮಾರ್ಟ್ ಒಡಿಆರ್ ಎಂಬ ಇನ್ನೊಂದು ದಾರಿ 2023ರಿಂದ ಇದೆ. ಆನ್‌ಲೈನ್‌ನಲ್ಲೇ ಸಂಧಾನ, ಅದು ಮುರಿದರೆ ಮಧ್ಯಸ್ಥಿಕೆ. ದೂರು ದಾಖಲಿಸಲು ಶುಲ್ಕ ಇಲ್ಲ, ಮಧ್ಯಸ್ಥಿಕೆಯ ಹಂತಕ್ಕೆ ಇದೆ. ಕೆಲವು ನೂರು ರೂಪಾಯಿಯ ವಿವಾದಕ್ಕೆ ಸಂಧಾನದ ತನಕ ಹೋಗಬಹುದು, ಅಲ್ಲಿಂದ ಮುಂದೆ ಹೋಗುವುದು ಮೊತ್ತ ದೊಡ್ಡದಿದ್ದರೆ ಮಾತ್ರ ಸರಿ.

ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದಾ?

ಹೋಗಬಹುದು. ಗ್ರಾಹಕರ ಮೇಲೆ ಅಸಮಂಜಸ ಶುಲ್ಕ ಅಥವಾ ಷರತ್ತು ಹೇರುವ ಒಪ್ಪಂದವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಒಪ್ಪಂದ’ ಎನ್ನುತ್ತದೆ. ಆದರೆ ಒಪ್ಪಂದವೇ ಅನ್ಯಾಯ ಎಂಬ ದೂರು ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗುತ್ತದೆ. ಸೇವೆಯಲ್ಲಿ ಲೋಪ ಎಂದಾದರೆ ಜಿಲ್ಲಾ ಆಯೋಗ ಸಾಕು. ದಿನಾ ಟ್ರೇಡಿಂಗ್ ಮಾಡುವವರಾದರೆ ‘ಇವರು ಗ್ರಾಹಕರಲ್ಲ, ವ್ಯಾಪಾರಿ’ ಎಂದು ಎದುರು ಪಕ್ಷ ವಾದಿಸುತ್ತದೆ. ಉಳಿತಾಯಕ್ಕೆಂದು ಷೇರು ಇಟ್ಟುಕೊಂಡವರ ಸ್ಥಿತಿ ಗಟ್ಟಿ. ನನ್ನನ್ನು ಕೇಳಿದರೆ, ಸ್ಕೋರ್ಸ್ ಪೂರ್ತಿ ಮುಗಿಸದೆ ಇಲ್ಲಿಗೆ ಬರಬೇಡಿ.

ದೂರಿನಲ್ಲಿ ಎಷ್ಟು ಕೇಳಬೇಕು?

ಲೆಕ್ಕ ತೋರಿಸಬಹುದಾದಷ್ಟು. ತಪ್ಪಾಗಿ ಕತ್ತರಿಸಿದ ವರ್ಗಾವಣೆ ಶುಲ್ಕ, ಅದರ ಜಿಎಸ್‌ಟಿ, ನೋಟಿಸ್ ಇಲ್ಲದೆ ತೆಗೆದುಕೊಂಡ ಹೆಚ್ಚುವರಿ ದರ, ವಾಪಸ್ ಬರಬೇಕಾದ ತ್ರೈಮಾಸಿಕಗಳ ಹಣ. ಇವನ್ನು ತಾರೀಖಿನ ಜೊತೆ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿ. ಮಾನಸಿಕ ಕಿರುಕುಳಕ್ಕೆ ಲಕ್ಷ ರೂಪಾಯಿ ಎಂದು ಬರೆದರೆ ನಿಮ್ಮ ಸರಿಯಾದ ಬೇಡಿಕೆಯೂ ಹಗುರವಾಗಿ ಕಾಣುತ್ತದೆ. ಶುಲ್ಕ ಏರಿಸಿದ್ದೇ ತಪ್ಪು ಎಂಬ ದೂರು ಕೂಡ ನಿಲ್ಲುವುದಿಲ್ಲ, 30 ದಿನದ ನೋಟಿಸ್ ಕೊಟ್ಟಿದ್ದರೆ ಅದು ಅವರ ಹಕ್ಕು. ಹೋರಾಡುವುದು ಹೊರಹೋಗುವ ದಾರಿಗೆ ಇಟ್ಟ ಶುಲ್ಕದ ಮೇಲೆ.

ಬಿಡದೆಯೇ ಶುಲ್ಕ ಕಡಿಮೆ ಮಾಡಿಕೊಳ್ಳಲು ದಾರಿ ಇದೆಯಾ?

ಇದೆ, ಮತ್ತು ಸಣ್ಣ ಹೂಡಿಕೆದಾರರು ಇದನ್ನೇ ಮೊದಲು ನೋಡಬೇಕು. ಬಿಎಸ್‌ಡಿಎ, ಅಂದರೆ ಮೂಲಭೂತ ಸೇವೆಯ ಡಿಮ್ಯಾಟ್ ಖಾತೆ. 2024ರ ಸೆಪ್ಟೆಂಬರ್ 1ರಿಂದ ಇದರ ಮಿತಿ ಏರಿಸಲಾಗಿದೆ. ಖಾತೆಯಲ್ಲಿರುವ ಹೂಡಿಕೆಯ ಮೌಲ್ಯ 4 ಲಕ್ಷ ರೂಪಾಯಿ ತನಕ ವಾರ್ಷಿಕ ಶುಲ್ಕ ಶೂನ್ಯ. 4ರಿಂದ 10 ಲಕ್ಷದ ತನಕ ಗರಿಷ್ಠ 100 ರೂಪಾಯಿ. 10 ಲಕ್ಷ ದಾಟಿದರೆ ಮಾಮೂಲಿ ದರ. ಅರ್ಹರಿಗೆ ಡಿಪಿ ಬಿಎಸ್‌ಡಿಎಯನ್ನೇ ಕೊಡಬೇಕು, ಮಾಮೂಲಿ ಖಾತೆ ಬೇಕು ಎಂದು ನೀವೇ ಒಪ್ಪಿಗೆ ಕೊಟ್ಟರೆ ಮಾತ್ರ ಬೇರೆ. ಯಾವಾಗಲೋ ಒಂದು ಬಟನ್ ಒತ್ತಿ ಆ ಒಪ್ಪಿಗೆ ಕೊಟ್ಟುಬಿಟ್ಟಿದ್ದೀರಾ ನೋಡಿ, ಕೊಟ್ಟಿದ್ದರೆ ವಾಪಸ್ ಪಡೆಯುತ್ತೇನೆ ಎಂದು ಬರೆಯಿರಿ.

ಇದಕ್ಕೆ ಮುಖ್ಯ ಷರತ್ತು, ನೀವು ಮೊದಲ ಅಥವಾ ಏಕೈಕ ಹೆಸರಿನವರಾಗಿರುವ ಡಿಮ್ಯಾಟ್ ಖಾತೆ ಎರಡೂ ಡಿಪಾಸಿಟರಿಗಳಲ್ಲಿ ಸೇರಿ ಒಂದೇ ಇರಬೇಕು. ಹೊಸ ಖಾತೆ ತೆರೆದು, ಷೇರು ಸಾಗಿಸಿ, ಹಳೆಯದನ್ನು ಖಾಲಿ ಬಿಟ್ಟವರು ಇಲ್ಲಿ ಸೌಲಭ್ಯ ಕಳೆದುಕೊಳ್ಳುತ್ತಾರೆ. ಹಳೆಯ ಖಾತೆ ಮುಚ್ಚಿಸಲೇಬೇಕು.

ಖಾತೆ ಮುಚ್ಚಿದೆ ಎಂದು ಹೇಗೆ ಖಚಿತ ಮಾಡಿಕೊಳ್ಳುವುದು?

ಆ್ಯಪ್ ಅಳಿಸಿದರೆ ಖಾತೆ ಮುಚ್ಚುವುದಿಲ್ಲ. ಟ್ರೇಡಿಂಗ್ ಖಾತೆ ಬೇರೆ, ಡಿಮ್ಯಾಟ್ ಬೇರೆ, ಎರಡಕ್ಕೂ ಅರ್ಜಿ ಕೊಟ್ಟಿದ್ದೀರಾ ನೋಡಿ. ಮುಚ್ಚಿದ ದೃಢೀಕರಣದ ಇಮೇಲ್ ಅಥವಾ ಪತ್ರ ಕೇಳಿ ಪಡೆಯಿರಿ. ಡಿಪಾಸಿಟರಿಯಿಂದ ನಿಮ್ಮ ಪ್ಯಾನ್‌ಗೆ ಬರುವ ಒಟ್ಟು ಸ್ಟೇಟ್‌ಮೆಂಟ್‌ನಲ್ಲಿ ಎಲ್ಲಾ ಡಿಮ್ಯಾಟ್ ಖಾತೆಗಳೂ ಕಾಣುತ್ತವೆ. ಷೇರುಗಳ ಸಂಖ್ಯೆ ಹೊಸ ಖಾತೆಯಲ್ಲಿ ಸರಿಯಾಗಿ ಬಂದಿದೆಯಾ ಅದರಲ್ಲಿ ತಾಳೆ ನೋಡಿ. ಹೊಸ ಖಾತೆಯಲ್ಲಿ ನಾಮಿನಿ ಹೆಸರು ಮತ್ತೆ ಸೇರಿಸಬೇಕು, ಹಳೆಯದರಿಂದ ಅದು ತಾನಾಗಿ ಬರುವುದಿಲ್ಲ.